ಛಾಯಾಚಿತ್ರದಲ್ಲಿ ಸ್ಪಷ್ಟತೆಯ ಆಳ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದವರಿಗೆ ಚೀಲಗಳ ಸಾಲು ಕಣ್ಣು ಹಾಯುವವರೆಗೂ ಕಾಣುವುದು. ಕಾಲಬುಡದ ಚೀಲದಲ್ಲಿರುವ ನೆರಿಗೆಗಟ್ಟಿದ ಕಾಯಿಯೂ ದೂರದ ಕಂಬವೂ ಏಕಕಾಲದಲ್ಲಿ ಸ್ಪಷ್ಟವಾಗಿ ಕಂಡಂತೆ ನಮಗೆ ತೋರುತ್ತದೆ. ಅದು ತೋರಿಕೆ ಮಾತ್ರ. ಕಣ್ಣು ಹತ್ತಿರದ್ದನ್ನೂ ದೂರದ್ದನ್ನೂ ಸರದಿಯಂತೆ ನೋಡುತ್ತ, ಪ್ರತಿಸಲವೂ ತನ್ನ ಮಸೂರದ ಉಬ್ಬನ್ನು ನಮಗರಿವಿಲ್ಲದೆ ಹೊಂದಿಸಿಕೊಳ್ಳುವುದು. ಕ್ಯಾಮೆರಾಕ್ಕೆ ಈ ಸೌಕರ್ಯವಿಲ್ಲ. ಅದು ಒಂದೇ ಸಲ ನೋಡುತ್ತದೆ. ಆದುದರಿಂದ ಚಿತ್ರದಲ್ಲಿ ಕಾಯಿ ಸ್ಪಷ್ಟವಾದರೆ ಕಂಬ ಮಸುಕು. ಕಂಬ ಸ್ಪಷ್ಟವಾದರೆ ಕಾಯಿ ಬರಿಯ ಕೆಂಪು ಕಲೆ.

ಇದಕ್ಕೆ ಕಾರಣವೇನು? ಮಸೂರವು ಒಂದು ನಿರ್ದಿಷ್ಟ ದೂರದಲ್ಲಿರುವ ಬಿಂದುವನ್ನು ಮಾತ್ರ ಫಿಲ್ಮಿನ ಮೇಲೆ ಬಿಂದುವಾಗಿ ಮೂಡಿಸಬಲ್ಲುದು. ಅದಕ್ಕಿಂತ ಹತ್ತಿರದ ಬಿಂದುವಿನ ಕಿರಣಗಳು ಫಿಲ್ಮಿನ ಹಿಂದೆಯೂ, ದೂರದ ಬಿಂದುವಿನವು ಮುಂದೆಯೂ ಕೂಡುವುದರಿಂದ, ಫಿಲ್ಮಿನ ಮೇಲೆ ಪುಟ್ಟ ವೃತ್ತಗಳಾಗಿ ಹರಡುವುವು. ಈ ವೃತ್ತ ಸಾಕಷ್ಟು ಸಣ್ಣದಾಗಿದ್ದರೆ ಕಣ್ಣು ಅದನ್ನು ಬಿಂದುವೆಂದೇ ನಂಬುತ್ತದೆ. 35 ಮಿ.ಮೀ. ಫಿಲ್ಮಿಗೂ ಅದೇ ಅಳತೆಯ ಡಿಜಿಟಲ್ ಸಂವೇದಕಕ್ಕೂ ಈ ಮಿತಿ ಸುಮಾರು 0.03 ಮಿ.ಮೀ. ಎಂದು ರೂಢಿ. ಚಿತ್ರವನ್ನು 8 ಪಟ್ಟು ಹಿಗ್ಗಿಸಿದಾಗ ಅದು ಹೆಚ್ಚು ಕಡಮೆ ಕಾಲು ಮಿಲಿಮೀಟರಾಗುವುದು. ಕೈಯಲ್ಲಿ ಹಿಡಿದು ನೋಡುವವನ ಕಣ್ಣು ಅಷ್ಟನ್ನು ಕ್ಷಮಿಸೀತು. ಹೀಗೆ ಕ್ಷಮೆಗೆ ಪಾತ್ರವಾದ ಪ್ರದೇಶದ ವ್ಯಾಪ್ತಿಯೇ ಸ್ಪಷ್ಟತೆಯ ಆಳ. ಛಾಯಾಗ್ರಾಹಕರು ಇದನ್ನು ಡೆಪ್ತ್ ಆಫ್ ಫೀಲ್ಡ್ ಎನ್ನುವರು. ಚಿತ್ರವನ್ನು ಗೋಡೆಯಗಲಕ್ಕೆ ಹಿಗ್ಗಿಸಿ ಹತ್ತಿರದಿಂದ ನೋಡಿದರೆ ಈ ಆಳವೂ ಕುಗ್ಗುವುದು.

ಆಳವನ್ನು ಹೆಚ್ಚಿಸುವ ಸುಲಭೋಪಾಯವೆಂದರೆ ಮಸೂರದ ದ್ವಾರವನ್ನು ಕಿರಿದು ಮಾಡುವುದು. ಆಗ ಕಿರಣಗಳ ಶಂಕು ತೆಳ್ಳಗಾಗಿ ವೃತ್ತಗಳು ಚಿಕ್ಕವಾಗುವುವು. ಅಂಕೆ ದೊಡ್ಡದಾದಷ್ಟೂ ದ್ವಾರ ಚಿಕ್ಕದೆಂಬುದು ಹೊಸಬರಿಗೆ ವಿಚಿತ್ರವೆನಿಸಬಹುದು. ಸಂಗಮದೂರವನ್ನು ದ್ವಾರದ ವ್ಯಾಸದಿಂದ ಭಾಗಿಸಿ ಬಂದುದೇ ಆ ಅಂಕೆ. 50 ಮಿ.ಮೀ. ಮಸೂರದಿಂದ ಅರ್ಧ ಮೀಟರು ದೂರದ ಮೆಣಸಿನಕಾಯಿಯನ್ನು ತೆಗೆಯುವಾಗ, ಅಂಕೆ 2.8 ಇದ್ದರೆ ಆಳವು ಒಂದೂವರೆ ಸೆಂಟಿಮೀಟರು ಮಾತ್ರ. 16 ಇದ್ದರೆ ಸುಮಾರು ಎಂಟೂವರೆ. ಆದರೆ ಬೆಳಕು 32ರಲ್ಲಿ ಒಂದು ಪಾಲಿಗೆ ಇಳಿಯುವುದು. ಸೆಕೆಂಡಿನ 250ನೆಯ ಒಂದು ಭಾಗ ತೆರೆದರೆ ಸಾಕಾಗಿದ್ದ ಷಟ್ಟರನ್ನು 8ನೆಯ ಒಂದು ಭಾಗದಷ್ಟು ತೆರೆಯಬೇಕು; ಅಷ್ಟು ಹೊತ್ತು ಕೈ ಅಲುಗದಿರುವುದು ಕಷ್ಟ. ಹಾವೇರಿಯ ಪುರದ ಸಿದ್ಧೇಶ್ವರ ದೇವಾಲಯದ ಒಳಮಂಟಪದಲ್ಲಿ ಈ ಬೆಲೆಯನ್ನು ತೆರಬಹುದು: ಚಾಲುಕ್ಯರ ಕಾಲದ ಕಂಬಗಳು ಅಲುಗುವುದಿಲ್ಲ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟರಾಯಿತು. ಹಾಗೆಂದು ದ್ವಾರವನ್ನು ಅತಿಯಾಗಿ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಮೃದುವಾಗುವುದು.

ಪೇಟೆಯ ಸಾಲನ್ನೆಲ್ಲ ಹಿಡಿಯಬೇಕಾದವರು ದೂರದ ಕಂಬಕ್ಕೆ ಮಸೂರವನ್ನು ಹೊಂದಿಸುವುದು ಸಾಮಾನ್ಯ. ಇದು ದಂಡದ ವ್ಯವಹಾರ. ಅದೇ 50 ಮಿ.ಮೀ. ಮಸೂರವನ್ನು 16ರ ಅಂಕೆಯಲ್ಲಿ ಅನಂತ ದೂರಕ್ಕೆ ಹೊಂದಿಸಿದರೆ ಐದೂಕಾಲು ಮೀಟರಿನಿಂದಾಚೆಗೆ ಮಾತ್ರ ಸ್ಪಷ್ಟ. ಐದೂಕಾಲು ಮೀಟರಿಗೇ ಹೊಂದಿಸಿದರೆ, ಅದರರ್ಧ ದೂರದಿಂದ ಹಿಡಿದು ದಿಗಂತದವರೆಗೂ ಸ್ಪಷ್ಟ!

ರಾಣೆಬೆನ್ನೂರಿನಲ್ಲಿ ಕಥೆಯೇ ಬೇರೆ. 1974ರಲ್ಲಿ ಸ್ಥಾಪಿತವಾದ ಅಲ್ಲಿನ ಅಭಯಾರಣ್ಯದ ಕೃಷ್ಣಮೃಗಗಳು ಕಂಬಗಳಂತೆ ನಿಲ್ಲುವುದಿಲ್ಲ; ಷಟ್ಟರು ಚುರುಕಾಗಿರಬೇಕು, ಅದಕ್ಕಾಗಿ ದ್ವಾರ ಅಗಲವಾಗಿರಬೇಕು. 400 ಮಿ.ಮೀ. ಮಸೂರವನ್ನು 5.6ರ ಅಂಕೆಯಲ್ಲಿಟ್ಟು 30 ಮೀಟರಿನಿಂದ ತೆಗೆದರೆ ಆಳ ಎರಡು ಮೀಟರಿಗೂ ಕಡಮೆ: ಒಂದು ಮೃಗ ಸ್ಪಷ್ಟ, ಅದರ ಹಿಂದಿನದು ಮಸುಕು. ದೂರವನ್ನು 60 ಮೀಟರಿಗೆ ಏರಿಸಿದರೆ ಆಳ ನಾಲ್ಕು ಪಟ್ಟಾಗಿ ಏಳೂವರೆ ಮೀಟರು ದೊರಕುವುದು, ಹಿಂಡೂ ಬೆದರುವುದಿಲ್ಲ. ಒಂಟಿ ಗಂಡಿನ ಸುರುಳಿಗೊಂಬನ್ನು ತೋರಿಸಬೇಕಾದರೆ ಕಡಮೆ ಆಳವೇ ಲೇಸು, ಹಿಂದಿನ ಗಿಡಗಂಟಿಗಳೆಲ್ಲ ಕರಗಿಹೋಗುವುವು.

ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನ ಮುಖ್ಯ ಮಸೂರದ ಸಂಗಮದೂರ ಸಾಮಾನ್ಯವಾಗಿ ಕೆಲವೇ ಮಿಲಿಮೀಟರು. ಅದರಲ್ಲಿ ಆಳ ಬೇಡವೆಂದರೂ ಬರುತ್ತದೆ. ಹಿನ್ನೆಲೆಯನ್ನು ಮಸುಕಾಗಿಸುವುದು ಅಲ್ಲಿ ಬಹುಮಟ್ಟಿಗೆ ಗಣಿತದ ಕೆಲಸ, ಮಸೂರದ್ದಲ್ಲ. ದೂರದ ಖರೀದಿದಾರನಿಗೆ ಕಾಯಿಯ ಚಿತ್ರ ಕಳುಹಿಸುವ ಬೆಳೆಗಾರನು ಆ ಸವಲತ್ತನ್ನು ಮುಚ್ಚಿಡುವುದು ಒಳಿತು: ತೆಳ್ಳನೆಯ ತೊಟ್ಟನ್ನೂ ಅಂಚಿನ ನೆರಿಗೆಯನ್ನೂ ಅದು ಹಿನ್ನೆಲೆಯೆಂದು ಬಗೆದು ಅಳಿಸುವುದುಂಟು, ಖರೀದಿದಾರನು ನೋಡುವುದಾದರೋ ಆ ನೆರಿಗೆಯನ್ನೇ.