ಬೆಳಕು ಆರಿದ ಬಳಿಕ ಕಂಡ ಮನೆ



ಕತ್ತಲಲ್ಲಿ ದೂರದ ಗುಡ್ಡದ ಮೇಲೆ ಬಾಣಬಿರುಸು ಸಿಡಿದರೆ ನಮ್ಮ ಕಣ್ಣು ಆ ಹೊಳಪನ್ನೇ ಕಾಣುವದು. ಹೊಳಪು ಆರಿದ ಮೇಲೂ ನಿಂತು ನೋಡುವವರಿಗೆ ಮಾತ್ರ ಅಲ್ಲಿಯ ಮನೆಯ ಕಿರುದೀಪವು ಗೋಚರವಾಗುವದು. ಖಗೋಳಶಾಸ್ತ್ರದ ಒಂದು ದೊಡ್ಡ ಸಂದೇಹವು ಇಂಥ ತಾಳ್ಮೆಯಿಂದಲೇ ಪರಿಹಾರವಾಯಿತು.

ಗಾಮಾ ಕಿರಣಗಳು ಎಕ್ಸ್ ಕಿರಣಗಳಿಗಿಂತಲೂ ಪ್ರಬಲವಾದ, ಕಣ್ಣಿಗೆ ಕಾಣದ ಬೆಳಕು. 1967ರಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ಕಾಯಲು ಅಮೇರಿಕದವರು ಹಾರಿಸಿದ್ದ ವೇಲಾ ಉಪಗ್ರಹಗಳಿಗೆ ಆಕಾಶದಿಂದಲೇ ಬಂದ ಗಾಮಾ ಕಿರಣಗಳ ಸ್ಫೋಟವೊಂದು ತಿಳಿದುಬಂತು. ಇಂಥವು ಕ್ಷಣಮಾತ್ರವಿದ್ದು ಮಾಯವಾಗುತ್ತಿದ್ದವು. ಅವು ಸಮೀಪದ ಕಿಡಿಗಳೋ, ಬಹುದೂರದ ಮಹಾಜ್ವಾಲೆಗಳೋ? ದೂರವು ತಿಳಿಯದೆ ಶಕ್ತಿಯು ತಿಳಿಯದು. ಮೂವತ್ತು ವರುಷ ಈ ವಾದವು ನಡೆಯಿತು.

1997ರ ಮೇ ತಿಂಗಳಿನ ಒಂದು ಸ್ಫೋಟದಿಂದ, ಇವು ನಮ್ಮ ಆಕಾಶಗಂಗೆಯ ಆಚೆಗಿನವೆಂದು ತಿಳಿಯಿತು. ಅದೇ ವರುಷ ಡಿಸೆಂಬರ್ 14ರಂದು ಬೆಪ್ಪೊಸ್ಯಾಕ್ಸ್ ಎಂಬ ಉಪಗ್ರಹವು ಮತ್ತೊಂದನ್ನು ಕಂಡು ಅದರ ದಿಕ್ಕನ್ನು ತೋರಿಸಿತು. ಅರಿಝೋನಾದ ಕಿಟ್ ಪೀಕ್ ಪರ್ವತದಿಂದ ನೋಡಿದವರಿಗೆ ಅಲ್ಲಿ ಕ್ಷೀಣಿಸುತ್ತಿರುವ ಒಂದು ಬೆಳಕಿನ ಚುಕ್ಕೆಯು ಸಿಕ್ಕಿತು. ಹವಾಯಿ ದ್ವೀಪದಲ್ಲಿರುವ ಕೆಕ್ ದೂರದರ್ಶಕದ 10 ಮೀಟರ್ ಅಗಲದ ಕನ್ನಡಿಯೂ ಅತ್ತ ತಿರುಗಿತು. ಆ ವೀಕ್ಷಕರ ತಂಡದ ಮುಂದಾಳು, ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಶ್ರೀನಿವಾಸ ಕುಲಕರ್ಣಿಯವರು.

ಚುಕ್ಕೆಯು ಮಾಸಿತು. ಆದರೂ ಅವರು ಮುಂದಿನ ವಾರಗಳಲ್ಲಿಯೂ ಅದೇ ಸ್ಥಳವನ್ನು ನೋಡಿದರು. ಅಲ್ಲಿ ಅತಿ ಮಂದವಾದ, ಆರದಿರುವ ಒಂದು ಕಾಂತಿಯು ಉಳಿದಿತ್ತು: ಅದು ಸ್ಫೋಟವು ಹುಟ್ಟಿದ ಮನೆ, ಅಂದರೆ ಅಸಂಖ್ಯ ನಕ್ಷತ್ರಗಳುಳ್ಳ ಒಂದು ಗೆಲಾಕ್ಸಿ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಜಲಜನಕದ ಗುರುತಾದ ಒಂದು ರೇಖೆಯು ಕಂಡಿತು. ಹುಟ್ಟುವಾಗ ಕಣ್ಣಿಗೆ ಕಾಣದ ನೇರಿಳಾತೀತವಾಗಿದ್ದ ಆ ರೇಖೆಯು, ಹಿಗ್ಗುತ್ತಿರುವ ವಿಶ್ವದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಉದ್ದಕ್ಕೆ ಎಳೆಯಲ್ಪಟ್ಟು, ಹಸಿರು ಬೆಳಕಾಗಿ ನಮ್ಮನ್ನು ಮುಟ್ಟಿತ್ತು. ಇದರಿಂದ ಲೆಕ್ಕ ಮಾಡಲು, ಆ ಬೆಳಕು ಸುಮಾರು 1,200 ಕೋಟಿ ವರುಷ ಪ್ರಯಾಣ ಮಾಡಿತ್ತೆಂದು ತಿಳಿಯಿತು. ನಮ್ಮ ಭೂಮಿಯ ವಯಸ್ಸಾದರೋ ಸುಮಾರು 450 ಕೋಟಿ ವರುಷ ಮಾತ್ರ. 1998ರಲ್ಲಿ ಈ ಸಂಗತಿಯು ಪ್ರಕಟವಾಯಿತು.

ಆ ಶಕ್ತಿಯು ಎಲ್ಲಾ ದಿಕ್ಕಿಗೂ ಸಮವಾಗಿ ಹರಡಿದ್ದರೆ, ಸೂರ್ಯನು ತನ್ನ ಆಯುಷ್ಯವೆಲ್ಲಾ ಸುರಿಸುವದರ ನೂರಾರು ಪಟ್ಟಾಗಬೇಕಿತ್ತು. ಅದು ಕಿರಿದಾದ ಧಾರೆಗಳಾಗಿ ಚಿಮ್ಮುವದೆಂದು ಬಳಿಕ ತಿಳಿದು, ಲೆಕ್ಕವು ತಗ್ಗಿತು. ದೀರ್ಘವಾದ ಸ್ಫೋಟಗಳು ಹೊಸ ನಕ್ಷತ್ರಗಳು ಹುಟ್ಟುವ ಗೆಲಾಕ್ಸಿಗಳಲ್ಲಿ, ಮಹಾನಕ್ಷತ್ರಗಳ ಮರಣದಿಂದ ಆಗುವವೆಂಬದೂ ಇಂಥ ಮನೆಗಳನ್ನು ಪರೀಕ್ಷಿಸಿದ್ದರಿಂದ ದೃಢವಾಯಿತು.

ನಮ್ಮ ಹುಡುಗಿಯರು ಪ್ರಯೋಗಶಾಲೆಯಲ್ಲಿ ಹೊಳಪು ಕಂಡೊಡನೆ ಉಪಕರಣಗಳನ್ನು ಎತ್ತಿಡಲು ಅವಸರಪಡುವರು. ಹಿರಿಯರಾದ ನಾವೂ ಬಹುಮಾನದ ದಿನದ ಹೊಳಪನ್ನು ನೋಡಿ, ಅದು ಆರಿದ ಮೇಲೆ ಮಗಳ ಕಡೆಗೆ ಕಣ್ಣೆತ್ತುವದಿಲ್ಲ. ಸೃಷ್ಟಿಕರ್ತನು ತನ್ನ ಕೈಕೆಲಸವನ್ನು ಮಂದವಾದ ಬೆಳಕಿನಲ್ಲಿಯೂ ಬರೆದಿಟ್ಟಿದ್ದಾನೆ. ಅದನ್ನು ಓದಬೇಕಾದರೆ ಎರಡನೆಯ ಸಾರಿ ನೋಡಬೇಕು.