‘ಓ.ಕೆ.’ ಎಂದರೆ ಏನರ್ಥ?

ಮೊದಲನೆಯ ವರ್ಷದ ಬಿ.ಎ. ತರಗತಿಯಲ್ಲಿ ನಾನು ಬರೆದ ಮೊಟ್ಟಮೊದಲ ಇಂಗ್ಲಿಷ್ ಪ್ರಬಂಧದ ಕೆಳಗೆ ‘ಓ.ಕೆ.’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಊರಿಗೆ ಹೋದವನೇ ಅದನ್ನು ತಂದೆಯವರಿಗೆ ತೋರಿಸಿ, “ಎಲ್ಲಾ ಸರಿಯಾಗಿದೆ ಅಂತ ಬರೆದಿದಾರೆ ಅಪ್ಪಾ” ಎಂದೆ. ಅಕ್ಷರ ಬಾರದ ಅವರು ಆ ಹಾಳೆಯನ್ನು ದೇವರ ಪಟದ ಹಿಂದೆ ಜೋಪಾನವಾಗಿಟ್ಟರು. ಆಮೇಲೆ ಅಂಕಗಳನ್ನು ಓದಿ ಹೇಳಿದರು: ಇಪ್ಪತ್ತಕ್ಕೆ ಎಂಟು! ಅಂದಿನಿಂದ ಈ ಎರಡಕ್ಷರದ ಮೇಲೆ ನನಗೆ ತುಸು ಕೋಪ, ಬಹಳ ಕುತೂಹಲ.

ವಿಚಿತ್ರವೆಂದರೆ, ಹುಟ್ಟಿದಾಗ ಈ ಮಾತಿಗೆ ನಾನು ತಿಳಿದ ಅರ್ಥವೇ ಇತ್ತು. ೧೮೩೯ನೆಯ ಮಾರ್ಚ್ ೨೩ರಂದು ಅಮೆರಿಕದ ‘ಬೋಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಬೇಕೆಂದೇ ಕಾಗುಣಿತ ಕೆಡಿಸಿ, ಮೊದಲ ಅಕ್ಷರಗಳನ್ನಷ್ಟೇ ಬರೆಯುವುದು ಆಗಿನ ಪತ್ರಿಕೆಗಳ ವಿನೋದ. ‘ಆಲ್ ಕರೆಕ್ಟ್’ ಎಂಬುದು ಎ, ಸಿ ಅಕ್ಷರಗಳಿಂದ ಆರಂಭವಾಗಬೇಕಷ್ಟೆ. ಅದನ್ನು ಓ, ಕೆ ಮಾಡಿದರು! ೧೮೪೦ರ ಚುನಾವಣೆಯಲ್ಲಿ, ಕಿಂಡರ್‌ಹುಕ್ ಊರಿನವರಾದ ಅಧ್ಯಕ್ಷ ವ್ಯಾನ್ ಬ್ಯೂರನ್ನರನ್ನು ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು ಅದೇ ಅಕ್ಷರಗಳನ್ನು ಘೋಷಣೆ ಮಾಡಿಕೊಂಡರು. ಅವರು ಸೋತರು, ಮಾತು ಗೆದ್ದಿತು. ಈ ಮೂಲವನ್ನು ಹಳೆಯ ಪತ್ರಿಕೆಗಳಿಂದ ಹುಡುಕಿ ೧೯೬೩-೬೪ರಲ್ಲಿ ಪ್ರಕಟಿಸಿದವರು ಆಲನ್ ವಾಕರ್ ರೀಡ್ ಎಂಬ ವಿದ್ವಾಂಸರು.

ಕಾಲಕ್ರಮದಲ್ಲಿ ‘ಎಲ್ಲವೂ ಸರಿ’ ಎಂಬುದು ಸವೆದು, ‘ತಳ್ಳಿಹಾಕುವಂತಿಲ್ಲ’ ಎಂಬಲ್ಲಿಗೂ ಇಳಿದಿದೆ. ಊಟ ಓಕೆ ಎಂದರೆ ತಿನ್ನಬಹುದು, ಹೊಗಳುವಂತಿಲ್ಲ. ಬಿದ್ದವನನ್ನು ‘ಆರ್ ಯೂ ಓಕೆ?’ ಎಂದರೆ ಪೆಟ್ಟಾಗಲಿಲ್ಲ ತಾನೇ ಎಂದು. ಮೇಲಧಿಕಾರಿ ಓಕೆ ಎಂದರೆ ಮಂಜೂರಾತಿ. ಪಾಠದ ನಡುವೆ ಸ್ವರವೇರಿಸಿ ‘ಓಕೇ?’ ಎಂದರೆ ತಿಳಿಯಿತೇ ಎಂದು. ನಾವು ತಿಳಿಯದೆಯೂ ತಲೆಯಾಡಿಸುತ್ತೇವೆ, ಅದು ಬೇರೆ ಮಾತು.

ಇದಕ್ಕೆ ತೀರ ಹತ್ತಿರದ ಕನ್ನಡ ಮಾತು ‘ಪರವಾಗಿಲ್ಲ’ ಎಂದು ನನ್ನ ಅಭಿಪ್ರಾಯ. ಅಡುಗೆಯೂ ಪರವಾಗಿಲ್ಲ, ಜ್ವರ ಬಿಟ್ಟವನೂ ಈಗ ಪರವಾಗಿಲ್ಲ. ಆದರೆ “ನಾಳೆ ಬರ್ತೀಯಾ?” ಎಂದವರಿಗೆ ಹಾಗೆನ್ನಲಾಗದು, ಅಲ್ಲಿ ‘ಆಗಲಿ’, ‘ಹೂಂ’, ‘ಆಯ್ತು’ ಬೇಕು. ಓಕೆಯಾದರೋ ಎರಡು ಕಡೆಯೂ ಸಲ್ಲುತ್ತದೆ. ನಮ್ಮ ಜನ ಇದನ್ನು ಬಳಸುವ ರೀತಿಯೂ ಸೊಗಸು: “ಸಾಲ ಓಕೆ ಆಯ್ತು”, “ಹೆಣ್ಣಿನ ಕಡೆಯವರು ಓಕೆ ಅಂದ್ರು.” ಇಲ್ಲಿ ಅದು ಅರೆಮನಸ್ಸಿನ ಮಾತಲ್ಲ, ಇತ್ಯರ್ಥವಾಯಿತೆಂಬ ಗಟ್ಟಿ ಮಾತು. ಪ್ರಾಂಶುಪಾಲರಿಗೆ ಬರೆಯುವ ಅರ್ಜಿಯಲ್ಲಿ ಮಾತ್ರ ಬೇಡ. ಸಲುಗೆಯ ಮಾತು ಸಲುಗೆಯಿದ್ದಲ್ಲೇ ಇರಲಿ.

ಆ ಹಾಳೆ ಈಗಲೂ ಪಟದ ಹಿಂದಿದೆ. ಎಂಟು ಅಂಕದ ವಿಷಯವನ್ನು ಕಳೆದ ದಸರಾ ರಜೆಯಲ್ಲಿ ತಂದೆಯವರಿಗೆ ಹೇಳಿಬಿಟ್ಟೆ. “ಪರವಾಗಿಲ್ಲ ಬಿಡು” ಎಂದರು.