ಹಳೇ ಬೆಂಗಳೂರು ಎಷ್ಟು ಹಳೇದು?

ಪ್ರಶ್ನೆ: ಮದುವೆಗೆಂದು ಬೆಂಗಳೂರಿಗೆ ಬರುತ್ತಿದ್ದೇವೆ. ಒಂದು ದಿನ ಬಿಡುವಿದೆ. ಮಾಲು, ಫ್ಲೈಓವರು ಬಿಟ್ಟು ಹಳೇ ಬೆಂಗಳೂರು ನೋಡುವ ಆಸೆ. ಕೇಳಿದವರೆಲ್ಲ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಎನ್ನುತ್ತಾರೆ. ಅವು ನಿಜಕ್ಕೂ ಅಷ್ಟು ಹಳೆಯವೇ? ಅಲ್ಲಿ ನೋಡುವಂಥದ್ದು ಏನಿದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಂಪಿ, ಬಾದಾಮಿ ನೋಡಿದ ಕಣ್ಣಿಗೆ ಇಲ್ಲಿ ಬೆರಗಾಗುವಂಥದ್ದು ಕಡಿಮೆ, ಮೊದಲೇ ಹೇಳಿಬಿಡುತ್ತೇನೆ. ಕೆಂಪೇಗೌಡರ ಬೆಂಗಳೂರು ಎಂದರೆ ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಆ ಇಕ್ಕಟ್ಟು. ನೀವು ಕೇಳಿದ ಮೂರೂ ಆ ಲೆಕ್ಕದಲ್ಲಿ ಹೊಸ ಬಡಾವಣೆಗಳೇ. ಚಾಮರಾಜಪೇಟೆ ಆಗಿದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಬಸವನಗುಡಿ, ಮಲ್ಲೇಶ್ವರಗಳ ನಕ್ಷೆಯೂ ಅದರ ಹಿಂದೆಯೇ ತಯಾರಾಯಿತು. ಆದರೆ ಪೇಟೆಯ ಮನೆ ಬಿಟ್ಟು ಅಷ್ಟು ದೂರ ಯಾರು ಹೋಗುತ್ತಾರೆ? 1898ರಲ್ಲಿ ಪ್ಲೇಗು ಬಂತು. ಪೇಟೆಯ ಮನೆಮನೆಯಲ್ಲಿ ಇಲಿ ಬೀಳತೊಡಗಿದ ಮೇಲೆ ಜನ ತಾವಾಗಿಯೇ ಹೊರಟರು. ಇಂದು ನಾವು ಹಳೇ ಬೆಂಗಳೂರು ಎಂದು ಹಂಬಲಿಸುವುದು ಆ ಜನ ಕಟ್ಟಿಕೊಂಡ ಊರನ್ನು.

ಹಾಗಾಗಿ ಗುಡಿ ಗೋಪುರಕ್ಕಿಂತ ಮೊದಲು ರಸ್ತೆ ನೋಡಿ. ನೇರ ಬೀದಿ, ಸಾಲುಮರ, ಮನೆಯ ಸುತ್ತ ಗಾಳಿಯಾಡಲು ಜಾಗ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಕಿರುಓಣಿ ಕಾಣುತ್ತದೆ, ಕನ್ಸರ್ವೆನ್ಸಿ ಲೇನ್ ಅಂತಾರೆ. ಒಳಚರಂಡಿ ಬರುವ ಮುಂಚೆ ಮಲ ಹೊರುವವರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು ಬಿಟ್ಟ ದಾರಿ ಅದು. ಈಗ ಅಲ್ಲಿ ಸ್ಕೂಟರು, ನೀರಿನ ಸಂಪು, ಮುರಿದ ಕುರ್ಚಿ; ಕೆಲವಕ್ಕೆ ಗೇಟು ಹಾಕಿ ಬೀಗ ಜಡಿದಿದ್ದಾರೆ. ಮಲ್ಲೇಶ್ವರದ ಮರಗಳನ್ನು ಹಾಡಿ ಹೊಗಳುವವರು ಈ ಓಣಿಯ ಮಾತೆತ್ತುವುದಿಲ್ಲ. ಬಡಾವಣೆಯ ಬ್ಲಾಕುಗಳನ್ನು ಜಾತಿವಾರು ಹಂಚಿದ್ದರೆಂಬುದನ್ನೂ ಅವರು ಹೇಳುವುದಿಲ್ಲ.

ಇನ್ನು ಈ ಬಡಾವಣೆಗಳ ಅಡಿಯಲ್ಲಿರುವ ಹಳ್ಳಿಗಳು. ಅಲ್ಲಿ ನಿಮಗೆ ಬೇಕಾದ ಹಳೆತನ ಸಿಗುತ್ತದೆ. ಬಸವನಗುಡಿ ಹಿಂದೆ ಸುಂಕೇನಹಳ್ಳಿ. ಗುಡ್ಡದ ಮೇಲಿನ ದೊಡ್ಡ ಬಸವಣ್ಣ ಸುಮಾರು 15 ಅಡಿ ಎತ್ತರದ ಏಕಶಿಲೆ, ಗುಡಿ ಕೆಂಪೇಗೌಡರ ಕಾಲದ್ದು. ಬಸವ ರಾತ್ರಿ ಬಂದು ಹೊಲದ ಕಡಲೇಕಾಯಿ ಮೇಯುತ್ತಿದ್ದ, ರೈತರು ಮೊದಲ ಫಸಲು ತಂದೊಪ್ಪಿಸಿ ಸಮಾಧಾನ ಮಾಡಿದರು ಎಂದು ಕತೆ. ಕಡಲೇಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರು ಈ ಕಡೆಗೆ ಹಡಗು ಬಿಟ್ಟ ಮೇಲೆ ಬಂದದ್ದು. ಅಂದಮೇಲೆ ಕತೆ ಗುಡಿಗಿಂತ ಎಷ್ಟೋ ಕಿರಿಯದಿರಬೇಕು. ಇರಲಿ, ಇಲ್ಲಿನ ಕಡಲೇಕಾಯಿ ಪರಿಷೆ ಮಾತ್ರ ಕತೆಯನ್ನು ನೆಚ್ಚಿಕೊಂಡಿಲ್ಲ. ಕಾರ್ತಿಕದ ಕೊನೆಯ ಸೋಮವಾರದ ಹೊತ್ತಿಗೆ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ರಾಶಿ ಬೀಳುತ್ತದೆ: ಹಸಿ, ಹುರಿದದ್ದು, ಬೇಯಿಸಿದ್ದು. ಸೇರಿನ ಪಾವಿನ ಲೆಕ್ಕದಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕದಿದ್ದರೆ ಗಿರಾಕಿ ಜಾಗ ಬಿಟ್ಟು ಕದಲುವುದಿಲ್ಲ. ನಿಮ್ಮ ಮದುವೆ ಕಾರ್ತಿಕದಲ್ಲಿದ್ದರೆ ಅದೃಷ್ಟ.

ಮಲ್ಲೇಶ್ವರದ ಹೆಸರಿಗೂ ಇಂಥದೇ ಹಿನ್ನೆಲೆ. ಕಾಡು ಮಲ್ಲೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ 1669ರ ಶಾಸನವಿದೆ: ಶಿವಾಜಿಯ ಮಲಸೋದರ ಏಕೋಜಿ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದು. ಆ ಮಲ್ಲಪುರವೇ ಇಂದಿನ ಮಲ್ಲೇಶ್ವರ. ಎದುರಿನ ನಂದಿ ತೀರ್ಥ ಮಣ್ಣಿನಡಿ ಮುಚ್ಚಿಹೋಗಿದ್ದು 1997ರಲ್ಲಿ ಬೆಳಕಿಗೆ ಬಂತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುವುದನ್ನು ನಿಂತು ನೋಡಿ. ಅದು ಏಳು ಸಾವಿರ ವರ್ಷ ಹಳೆಯದು ಎಂದು ವಾಟ್ಸಾಪಿನಲ್ಲಿ ಬಂದರೆ ಅಳಿಸಿಹಾಕಿ.

ಚಾಮರಾಜಪೇಟೆಯಲ್ಲಿ ಕಣ್ಣಿಗೆ ಕಾಣುವುದು ಕಡಿಮೆ, ನಡೆದಿರುವುದು ಹೆಚ್ಚು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮನೆ ಇಲ್ಲಿದೆ. ಆರ್. ಕಲ್ಯಾಣಮ್ಮ 1938ರಲ್ಲಿ ಕಟ್ಟಿದ ಮಕ್ಕಳ ಕೂಟ ಇಲ್ಲಿದೆ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಗೆ ಚಪ್ಪರ ಹಾಕಿ ವಾರಗಟ್ಟಲೆ ಸಂಗೀತ ಕೇಳಿಸುವ ಶ್ರೀ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಟಿಪ್ಪುವಿನ ಅರಮನೆಯೂ ಕೋಟೆ ವೆಂಕಟರಮಣನ ಗುಡಿಯೂ ಒಂದರ ಪಕ್ಕ ಒಂದು, ಅಲ್ಲೇ ಹತ್ತಿರ.

ಬಸವನಗುಡಿಯಲ್ಲೂ ಗುಡಿಯಷ್ಟೇ ನೋಡಿ ಬಂದುಬಿಡಬೇಡಿ. ಡಿ.ವಿ.ಜಿ. 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲೇ ಇದೆ. ತಮಗೆ ಸನ್ಮಾನದಲ್ಲಿ ಬಂದ ನಿಧಿಯನ್ನೂ ಅವರು ಇದಕ್ಕೇ ಕೊಟ್ಟರು. ಸಂಜೆ ಉಪನ್ಯಾಸವೋ ಗಮಕವೋ ಇದ್ದರೆ ಹಿಂದಿನ ಕುರ್ಚಿಯಲ್ಲಿ ಹೋಗಿ ಕುಳಿತುಕೊಳ್ಳಿ. ನನ್ನನ್ನು ಕೇಳಿದರೆ ಈ ಊರಿನ ಪರಂಪರೆ ಕಲ್ಲಿಗಿಂತ ಹೆಚ್ಚು ಇಂಥ ಸಭೆಗಳಲ್ಲಿ ಉಳಿದಿದೆ. ಕಿಟಕಿಯ ಮೇಲೆ ಮರದ ಪಟ್ಟಿಯ ಚೂಪು ಮಾಡಿರುವ ಮಂಕಿಟಾಪ್ ಮನೆಗಳು, ಕೆಂಪು ಗಾರೆಯ ನೆಲ, ಎಲ್ಲ ಬೇಗ ಬೇಗ ಅಪಾರ್ಟ್‌ಮೆಂಟಾಗುತ್ತಿವೆ. ಕಂಡರೆ ಹೊರಗಿನಿಂದಲೇ ನೋಡಿ. ಅವು ಜನ ವಾಸವಿರುವ ಮನೆಗಳು, ಗೇಟಿನೊಳಗೆ ಮೊಬೈಲು ಚಾಚಬೇಡಿ.

ಓಡಾಟಕ್ಕೆ ಮೆಟ್ರೋ ಹಸಿರು ಮಾರ್ಗ ಒಂದೇ ಸಾಕು. ಬೆಳಗ್ಗೆ ಸಂಪಿಗೆ ರಸ್ತೆ ನಿಲ್ದಾಣದಲ್ಲಿಳಿದು ಮಲ್ಲೇಶ್ವರ. ಗುಡಿ ಮಧ್ಯಾಹ್ನ ಮುಚ್ಚುವುದರೊಳಗೆ ಹೋಗಿ. ಆಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ. ಅಲ್ಲಿಂದ ಕೋಟೆ, ಚಾಮರಾಜಪೇಟೆ. ಸಂಜೆಗೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿಳಿದು ಗಾಂಧಿ ಬಜಾರಿಗೆ ನಡೆಯಿರಿ. ಹೂವು, ಗ್ರಂಧಿಗೆ ಅಂಗಡಿ, ಪುಸ್ತಕದಂಗಡಿ ದಾಟಿ 1943ರ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನದೆ ಹೋದರೆ ದಾವಣಗೆರೆಯವರು ಬೆಣ್ಣೆ ದೋಸೆಯೇ ಮೇಲು ಎಂದು ವಾದಿಸುವ ಹಕ್ಕು ಕಳೆದುಕೊಳ್ಳುತ್ತೀರಿ. ಶುಕ್ರವಾರ ಮಾತ್ರ ಬರಬೇಡಿ, ಅವತ್ತು ಅವರಿಗೆ ವಾರದ ರಜೆ.